ಬಾನೆಟ್ಟಿನ ಮರ್ಯಾದೆ

ಬೇರೆ ಮಾಲೀಕರ ಬಸ್ಸಿನಲ್ಲಿ ಬಿಟ್ಟಿ ಹೋಗುವ ಡ್ರೈವರನಿಗೆ ಇರುವ ಜಾಗ ಒಂದೇ, ಸ್ಟೀರಿಂಗಿನ ಪಕ್ಕದ ಎಂಜಿನ್ ಬಾನೆಟ್. ಕಾದ ಹಂಚಿನಂತೆ ಸುಡುತ್ತದೆ, ಆದರೂ ಅದು ಗೌರವದ ಜಾಗ. ಕೂರುವ ಮುನ್ನ ಅಪ್ಪಣೆ ಕೇಳಬೇಕು. ತೂಕಡಿಸಬಾರದು, ಓಡಿಸುವವನಿಗೂ ನಿದ್ದೆ ಅಂಟುತ್ತದೆ. ವಯಸ್ಸಾದವರು ಬಂದರೆ ಎದ್ದು ಕೊಡಬೇಕು. ಓಡಿಸುವವನ ಬಗ್ಗೆಯಂತೂ ತುಟಿ ಪಿಟಕ್ಕೆನ್ನಬಾರದು. ಉಂಡ ಮನೆಯ ಜಂತಿ ಎಣಿಸುವವನನ್ನು ಯಾವ ಡ್ರೈವರನೂ ಇನ್ನೊಮ್ಮೆ ಹತ್ತಿಸಿಕೊಳ್ಳುವುದಿಲ್ಲ.

ಸವಣೂರಿನ ಬಾಬಾಜಾನ ಈ ಮರ್ಯಾದೆಯಲ್ಲಿ ಎಂದೂ ತಪ್ಪಿದವನಲ್ಲ. ಅವನು ಓಡಿಸುವ ಬಸ್ಸು ಹಾನಗಲ್ಲಿನಿಂದ ಹಿರೇಕೆರೂರಿಗೆ ಹೊರಡುತ್ತಿತ್ತು. ದಿನಾ ಬೆಳಿಗ್ಗೆ ಹಾನಗಲ್ ಮುಟ್ಟಲು ಹತ್ತಿಮತ್ತೂರಿನ ಗೋಣೆಪ್ಪ ಓಡಿಸುವ ಬಸ್ಸೇ ಗತಿ. ಇಬ್ಬರ ಮಾಲೀಕರೂ ಹಾವು ಮುಂಗುಸಿ, ಡ್ರೈವರರಿಗೇನು ಅದರ ಗೊಡವೆ? ಬಾಬಾಜಾನ ಹೊಸದರಲ್ಲಿ ಗಾಡಿಯನ್ನು ಗಟಾರಕ್ಕೆ ಇಳಿಸಿದಾಗ ಉಳಿದವರು ನಕ್ಕು ಮುಂದೆ ಹೋಗಿದ್ದರು. ಗೋಣೆಪ್ಪ ನಿಲ್ಲಿಸಿ, ಹಗ್ಗ ಕಟ್ಟಿ ಎಳೆದುಕೊಟ್ಟು, ಯಾರಿಗೂ ಹೇಳದೆ ಸುಮ್ಮನಿದ್ದ. ಅಂಥವನನ್ನು ಕಂಡರೆ ಬಾಬಾಜಾನನಿಗೆ ಹೆತ್ತಪ್ಪನಷ್ಟೇ ಅಕ್ಕರೆ.

ಆ ಗೋಣೆಪ್ಪನಿಗೆ ಈಗ ಕಣ್ಣು ಮಂಜಾಗಿತ್ತು. ಬಂಕಾಪುರದ ಹತ್ತಿರ, ವರ್ಷಗಟ್ಟಲೆ ಹತ್ತಿಸಿ ಇಳಿಸಿದ ರೋಡ್ ಹಂಪನ್ನೇ ಬಸ್ಸು ಎಗರಿ ದಾಟಿದಾಗ ಬಾಬಾಜಾನನಿಗೆ ಅನುಮಾನ ಬಂತು. ಮುಂದೊಂದು ದಿನ ಅಡ್ಡ ಬಂದ ಎಮ್ಮೆ ಕೂದಲೆಳೆಯಲ್ಲಿ ಉಳಿದಾಗ ಅನುಮಾನವೂ ಉಳಿಯಲಿಲ್ಲ.

ಹೇಳಿದರೆ ಹಿರಿಯನ ಮಾನ ಹೋಗುತ್ತದೆ, ಮಾಲೀಕನಿಗೆ ತಿಳಿದರೆ ಅನ್ನವೇ ಹೋಗುತ್ತದೆ. ಸುಮ್ಮನಿರೋಣವೆಂದರೆ ಬೆನ್ನ ಹಿಂದೆ ಬಸ್ಸಿನ ತುಂಬ ಜನ. ಬಾಬಾಜಾನ ಯೋಚಿಸಿ ಯೋಚಿಸಿ, ಮರುದಿನದಿಂದ ಮಾತಿನಮಲ್ಲನಾಗಿಬಿಟ್ಟ.

"ಕಾಕಾ, ಎಮ್ಮಿಗೋಳು ಮುಂಜಾನೆದ್ದು ರಸ್ತೇದಾಗ ನಿಂತಾವ ನೋಡ್ರಿ," ಎನ್ನುವನು. ಗೋಣೆಪ್ಪ ಬ್ರೇಕ್ ಒತ್ತುವನು. "ಸಾಲಿ ಹುಡುಗೂರು ಎಡಕ್ಕ ಸೈಕಲ್ ಹೊಡ್ಕೋತ ಹೊಂಟಾರ, ಎಷ್ಟ ಮಜಾ ಅವರಿಗೆ," ಎನ್ನುವನು. ಬಸ್ಸು ಬಲಕ್ಕೆ ಸರಿಯುವುದು. ತಪ್ಪು ತೋರಿಸಿದ್ದಲ್ಲ, ಬರೀ ಹರಟೆ. ಮಾನವೂ ಉಳಿಯಿತು, ಜನರೂ ಉಳಿದರು ಎಂದು ಬಾಬಾಜಾನ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸಂತೆಯ ದಿನ ಬಸ್ಸು ಕಿಕ್ಕಿರಿದಿತ್ತು. ಮೊಣಕಾಲು ನೋವಿನ ಮುದುಕಿ ವೀರವ್ವ ಮುಂದಿನ ಬಾಗಿಲಿನಿಂದ ಹತ್ತಿ ನರಳುತ್ತ ನಿಂತಳು. ಬಾಬಾಜಾನ ಎದ್ದು ಬಾನೆಟ್ ಬಿಟ್ಟುಕೊಡಲೇಬೇಕಾಯಿತು. ಜನ ನೂಕಿದರು, ಅವನು ಹಿಂದೆ ಹಿಂದೆ ಹೋದ. ಬಂಕಾಪುರ ದಾಟಿದ ಮೇಲೆ, ತಲೆಗಳ ಸಂದಿನಿಂದ, ಮೇವಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದ ಹೆಂಗಸು ಅವನ ಕಣ್ಣಿಗೆ ಬಿದ್ದಳು. ಬಸ್ಸಿನ ವೇಗ ಮಾತ್ರ ಇಳಿಯಲಿಲ್ಲ.

"ಕಾಕಾ, ಹೆಣ್ಮಗಳು ಅದಾಳ, ಬ್ರೇಕ್ ಹಾಕ್ರಿ," ಎಂದು ಬಾಬಾಜಾನ ಕೂಗಿದ.

ಬಸ್ಸು ನಿಂತಿತು. ಹೊರೆ ಚಕ್ರದ ಕೆಳಗಿತ್ತು. ಹೆಂಗಸು ಪಕ್ಕದಲ್ಲಿ ಬಿದ್ದು, ಪುಣ್ಯಕ್ಕೆ, ಬೈಯುತ್ತಿದ್ದಳು.

ಗೋಣೆಪ್ಪ ಇಳಿದು ಅವಳನ್ನು ಎಬ್ಬಿಸಿ ಕೈ ಮುಗಿದ. ಮಾಲೀಕನಿಗೆ ಫೋನ್ ಮಾಡಿ ಬೇರೆ ಡ್ರೈವರನನ್ನು ಕರೆಸೆಂದು ಕಂಡಕ್ಟರನಿಗೆ ಹೇಳಿ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಬಾಬಾಜಾನ ಎದುರಿಗೆ ಬಂದು ನಿಂತ.

"ಯಾವಾಗಿಂದ ಗೊತ್ತೈತಿ ನಿನಗ?"

"ಭಾಳ ದಿನಾತ್ರಿ ಕಾಕಾ. ನಿಮ್ಮ ಮಾನ ಹೋಗಬಾರ್ದಂತ ಹೇಳಲಿಲ್ಲ."

"ಆ ಎಮ್ಮಿ ಅಡ್ಡ ಬಂದ ದಿನಾನ ಸ್ಟೇರಿಂಗ್ ಬಿಡಬೇಕಂತ ಮಾಡಿದ್ದೆ ಬಾಬಾ," ಗೋಣೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. "ಮರುದಿನ ನೀ ಎಮ್ಮಿ, ಸೈಕಲ್ ಅಂತ ಹೇಳಾಕ ಶುರು ಮಾಡಿದಿ. ಇವನ ಕಣ್ಣ ಅದಾವಲ್ಲ, ಇನ್ನೊಂದೀಟು ದಿನ ಸಾಗಲಿ ಅಂತ ಕುಂತೆ."

ಒಳ್ಳೆಯದು ಮಾಡಲು ಹೋಗಿ ಎಂಥ ಕೆಲಸ ಮಾಡಿದೆ ಎಂದು ಬಾಬಾಜಾನನ ಕಣ್ಣು ತುಂಬಿ ಬಂತು. ಹಾನಗಲ್ಲಿನಲ್ಲಿ ಅವನ ಬಸ್ಸಿನ ಜನ ಕಾಯುತ್ತಿದ್ದರು, ಆದರೆ ಅವನಿಗೆ ಹೋಗಲು ಮನಸ್ಸಾಗಲಿಲ್ಲ. ಗೋಣೆಪ್ಪನನ್ನು ಮನೆಗೆ ಮುಟ್ಟಿಸಲು, ರಸ್ತೆ ದಾಟಿ ಸವಣೂರಿನ ಕಡೆಯ ಬಸ್ಸು ಹಿಡಿಯೋಣವೆಂದು ತೋಳು ಹಿಡಿದು ಎಬ್ಬಿಸಿದ. ಗೋಣೆಪ್ಪ ರಸ್ತೆಗೆ ಕಾಲಿಟ್ಟ.

"ನಿಂದರ್ರಿ ಕಾಕಾ," ಎಂದ ಬಾಬಾಜಾನ. "ನಿಮಗ ಕಾಣವಲ್ದು. ಲಾರಿ ಬರಾಕತ್ತೈತಿ."