ಎರಡೇ ಸ್ಟಾರ್

ಭಾವ ಆ್ಯಪ್ ಮಾಡಿದ ಮೇಲೆ ಮನೆಯಲ್ಲಿ ಎಲ್ಲರೂ ಅದನ್ನು ಹೊಗಳಲೇಬೇಕಿತ್ತು. ವೀಡಿಯೊ ಇಳಿಸಿಟ್ಟುಕೊಂಡು ನೆಟ್‌ವರ್ಕ್ ಇಲ್ಲದ ಕಡೆಯೂ ನೋಡುವ ಆ್ಯಪ್. ಇದ್ದ ಕೆಲಸ ಬಿಟ್ಟು, ಸ್ನೇಹಿತನ ಜೊತೆ ಸೇರಿ, ಊಟ ನಿದ್ದೆ ಮರೆತು ಮಾಡಿದ್ದರು. ಬಿಡುಗಡೆಯ ದಿನ ಅಕ್ಕನ ಫೋನು, ಅಕ್ಕನ ಅತ್ತೆಯ ಫೋನು, ಪಕ್ಕದ ಮನೆಯವರ ಫೋನು ಎಲ್ಲವನ್ನೂ ಸೋಫಾದ ಮೇಲೆ ಸಾಲಾಗಿ ಇಟ್ಟು, ತಾವೇ ಐದೈದು ಸ್ಟಾರ್ ಒತ್ತಿದರಂತೆ. ಗಂಟೆ ನೋಡಲು ಮಾತ್ರ ಫೋನು ಹಿಡಿಯುವ ಅತ್ತೆಯ ಹೆಸರಿನಲ್ಲಿ ‘ಅದ್ಭುತ, ಬದುಕೇ ಬದಲಾಯಿತು’ ಎಂದೂ ಬರೆದರಂತೆ.

“ಯಾವಾಗ ಬದಲಾಯ್ತೋ? ನಂಗೊಂದು ಮಾತು ಹೇಳ್ಬಾರ್ದಾ?” ಎಂದು ಅತ್ತೆ ಕೇಳಿದರಂತೆ.

ನಾನು ಆಗ ಕೆಲಸದಲ್ಲಿದ್ದೆ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಅಲ್ಲಿ ಆವಿ, ಶಾಖ, ಗಂಜಿ ವಾಸನೆ ಎಲ್ಲ ಧಾರಾಳ, ನೆಟ್‌ವರ್ಕ್ ಮಾತ್ರ ಹೆಸರಿಗೂ ಇಲ್ಲ. ಹಾಗಾಗಿ ಆ ಆ್ಯಪ್ ಬಂದಾಗ ಮನೆಯಲ್ಲಿ ನಿಜವಾಗಿ ಖುಷಿಪಟ್ಟವಳು ನಾನೊಬ್ಬಳೇ. ಭಾವ ಕೊಟ್ಟ ಹಳೆಯ ಫೋನಿಗೆ ಹಾಕಿಕೊಂಡು, ಇಸ್ತ್ರಿ ಕೆಲಸದ ನಾವು ಮೂವರು ಹೆಂಗಸರು ಅವರವರ ಮನೆಯಲ್ಲಿ ದಿನಾ ನೋಡುತ್ತಿದ್ದ ಧಾರಾವಾಹಿಯ ಕೊನೆಯ ಕಂತನ್ನು ಇಳಿಸಿಕೊಂಡೆ.

ಮಾರನೆಯ ದಿನ ಊಟದ ಹೊತ್ತಿಗೆ ಫೋನನ್ನು ಗಂಜಿ ಡಬ್ಬಕ್ಕೆ ಒರಗಿಸಿದೆ. ನಮ್ಮಲ್ಲಿ ಹಿರಿಯಳನ್ನು ದೊಡ್ಡಮ್ಮ ಅಂತಲೇ ಕರೆಯುವುದು. ಅವಳು ಕನ್ನಡಕ ಒರೆಸಿ ಮುಂದೆ ಕೂತಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಆಮೇಲೆ ‘ಇಂಟರ್ನೆಟ್ ಸಂಪರ್ಕ ಪಡೆಯಿರಿ’ ಎಂದು ಬಂತು.

“ಇದು ನೆಟ್ ಇಲ್ದೋರಿಗೆ ಮಾಡಿದ್ದು ಅಂದ್ಯಲ್ಲೇ?”

“ಹೌದು ದೊಡ್ಡಮ್ಮ.”

“ಭಾರಿ ಕೊಡೆ ಕೊಟ್ಟಿದಾನೆ ನಿನ್ನ ಭಾವ. ಮಳೆ ಬಂದ್ರೆ ಬಿಚ್ಚೋ ಹಾಗಿಲ್ಲ!”

ಮೂವರೂ ನಕ್ಕೆವು. ನನಗೆ ಮಾತ್ರ ಒಳಗೊಳಗೇ ಬೇಜಾರಾಯಿತು. ಅಳಿಸಿ ಮತ್ತೆ ಇಳಿಸಿಕೊಂಡೆ. ಫೋಟೊಗಳನ್ನು ತೆಗೆದುಹಾಕಿ ಜಾಗ ಮಾಡಿಕೊಟ್ಟೆ. ಮನೆಯಲ್ಲಿ ಚೆನ್ನಾಗಿ ಓಡುವ ಕಂತು ನೆಲಮಾಳಿಗೆಗೆ ಇಳಿದರೆ ಮೊಂಡು ಹಿಡಿದ ಎತ್ತಿನಂತೆ ನಿಂತುಬಿಡುತ್ತಿತ್ತು. ಕೊನೆಗೆ ಒಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನಿಗೆ ಹೇಳಿದೆ. “ನಿಂಗೆ ಒತ್ತೋಕೆ ಬರಲ್ಲ ಅಷ್ಟೇ, ಗುಬ್ಬಿ” ಎಂದು ಅವರು ಸಾರು ಬಡಿಸಿಕೊಂಡರು.

ಮರುದಿನ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದೆ. ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ಆ್ಯಪ್ ತಾನಾಗಿಯೇ ಕೇಳಿತು: ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ.’

ಶಾಲೆ ಬಿಟ್ಟ ಮೇಲೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಮನೆಯಲ್ಲಿ ಕಿಟಕಿ ಪರದೆಯ ಬಣ್ಣ, ನಾಳೆಯ ತಿಂಡಿ, ಎಲ್ಲವನ್ನೂ ನನ್ನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಾರೆ. ಗೋಡೆಗೆ ಒರಗಿ ನಿಂತು ಬರೆದೆ. ‘ಅಕ್ಷರ ದೊಡ್ಡದಾಗಿದೆ. ಗುಂಡಿಗಳು ಒದ್ದೆ ಕೈಗೂ ಸಿಗುತ್ತವೆ. ಅದಕ್ಕೆ ಎರಡು ಸ್ಟಾರ್. ಇಳಿಸಿಕೊಂಡ ವೀಡಿಯೊ ನೆಟ್ ಇಲ್ಲದ ಕಡೆ ತೆರೆಯುವುದೇ ಇಲ್ಲ. ಮೂವರು ಕಾದು ಕೂತು, ತಿರುಗುವ ಚಕ್ರ ನೋಡುತ್ತ ಊಟ ಮುಗಿಸಿದೆವು. ಮಾಡಿದವರು ಒಮ್ಮೆ ನೆಲಮಾಳಿಗೆಗೆ ಇಳಿದು ನೋಡಲಿ.’

ಅದರ ಜೊತೆ ನನ್ನ ಹೆಸರೂ ಕಾಣುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ.

ಮನೆಗೆ ಬಂದಾಗ ಭಾವ ಬಾಗಿಲಲ್ಲೇ ನಿಂತಿದ್ದರು. “ಹೊರಗಿನೋರು ಬರೆದಿದ್ರೆ ತಡ್ಕೋತಿದ್ದೆ. ಮನೆಯೋಳೇ ಹೀಗೆ ಮಾಡೋದಾ? ಕೆಳಗೆ ನೋಡು, ‘ನಮಗೂ ಹೀಗೇ ಆಗ್ತಿದೆ’ ಅಂತ ಆಗ್ಲೇ ಒಬ್ಬ ಬರ್ದಿದಾನೆ. ಮನೇಲೇ ಹೇಳ್ಬೋದಿತ್ತಲ್ಲ?”

“ಹೇಳಿದ್ದೆ ಭಾವ. ಒತ್ತೋಕೆ ಬರಲ್ಲ ಅಂದ್ರಿ.”

ಅಕ್ಕ ಅಡುಗೆಮನೆಯಿಂದ ಓಡಿಬಂದಳು. “ತೆಗೆದುಬಿಡೇ, ದಮ್ಮಯ್ಯ. ಅವರು ಎಷ್ಟು ಕಷ್ಟಪಟ್ಟಿದಾರೆ ಅಂತ ನೋಡಿಲ್ವಾ ನೀನು?”

“ನೋಡಿದೀನಿ ಅಕ್ಕ. ಸರಿಮಾಡ್ಲಿ, ನಾನೇ ಐದು ಒತ್ತುತೀನಿ.”

“ನಂಗೇ ಷರತ್ತು ಹಾಕ್ತೀಯಾ?” ಭಾವ ಕೈ ಚಾಚಿದರು. “ಫೋನ್ ನಂದು. ಕೊಡು.”

ಕೊಟ್ಟೆ. ಅವರದ್ದೇ ಅಲ್ಲವೇ. ಅವರು ಅತ್ತಿತ್ತ ಉಜ್ಜಿ ನೋಡಿದರು. ನನ್ನ ಬೆರಳಚ್ಚಿಲ್ಲದೆ ಅದು ತೆರೆಯಲಿಲ್ಲ. ಫೋನನ್ನು ನನ್ನ ಮುಂದೆಯೇ ಹಿಡಿದರು. “ಬೆರಳಿಡು.”

ಈ ಮನೆಯಲ್ಲಿ ಹಾಸಿಗೆ, ಅನ್ನ, ಫೋನು ಎಲ್ಲ ಅವರು ಕೊಟ್ಟದ್ದೇ. ಬರೆದ ಆ ನಾಲ್ಕು ಸಾಲು ಮಾತ್ರ ಯಾರೂ ಕೊಟ್ಟದ್ದಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದೆ.

“ಇಡಲ್ಲ ಭಾವ.”

“ಹಾಗಾದ್ರೆ ಇನ್ಮೇಲೆ ಫೋನೂ ಇಲ್ಲ.”

“ಬೇಡ.”

ನನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅಕ್ಕನ ಅತ್ತೆ ಟಿವಿಯ ಸದ್ದು ಕಡಿಮೆ ಮಾಡಿ ನನ್ನನ್ನೇ ನೋಡಿದರು. ಭಾವ ಫೋನನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ನಿಂತರು.

ನಾನು ಕೈ ತೊಳೆದು, ತಟ್ಟೆ ತೆಗೆದುಕೊಂಡು, ಯಾವಾಗಲೂ ಕೂರುವ ಮೂಲೆ ಬಿಟ್ಟು ಮೇಜಿನ ನಡುವಿನ ಕುರ್ಚಿಯಲ್ಲಿ ಕೂತೆ. ಹಸಿವಾಗಿತ್ತು.