ಮೊಟ್ಟೆ ತೇಲುವಷ್ಟು ಉಪ್ಪು

೧
ಎಲ್ಲಿಂದ ಶುರುಮಾಡಲಿ? ಭೂಮಿಯೊಳಗೆ ಉಪ್ಪು ಹೆಪ್ಪುಗಟ್ಟಿದ ಕಾಲದಿಂದ ತೊಡಗಿದರೆ ನೀವು ಪುಟ ಮಗುಚುತ್ತೀರಿ. ಬುಕೋವಿನಾ ಎಂಬ ದೂರದ ಚಳಿಸೀಮೆಯ ಉಪ್ಪುನೀರ ಬಾವಿಯ ಬಳಿ ನಿಂತ ಇಬ್ಬರಿಂದಲೇ ತೊಡಗುತ್ತೇನೆ: ಅತ್ತೆ ಪರಸ್ಕೀವಾ, ಸೊಸೆ ಸಾಫ್ತಾ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡನಾಗಿ ಇಬ್ಬರನ್ನೂ ಬೆಸೆದಿದ್ದ ತೊಆದೆರ್ ತೀರಿಕೊಂಡು ಮೂರು ಚಳಿಗಾಲವಾಯಿತು.

(ಮೊದಲ ಕರಡಿನಲ್ಲಿ ಅವನನ್ನು ಬದುಕಿಸಿ ನೋಡಿದೆ. ಕತೆಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಹರಿದುಹಾಕಿದೆ.)

೨
ಭೂಗೋಳದ ಟೀಚರ್ ಸಾಫ್ತಾ ಬರುವ ವಸಂತದಲ್ಲಿ ಲಾರಿ ಓಡಿಸುವ ಇಲಾರಿಯೆಯನ್ನು ಮದುವೆಯಾಗಲಿದ್ದಾಳೆ. ಅತ್ತೆಗಿನ್ನೂ ಹೇಳಿಲ್ಲ. ಹೇಳಿದ ಮೇಲೂ ತಾನು ಈ ಮನೆಯವಳಾಗಿ ಉಳಿಯಬಹುದೇ? ಆ ಅಂಜಿಕೆಗೆ ಬೇರೆಯೇ ಮಾತೆತ್ತಿದಳು.

"ಉಪ್ಪು ಮತ್ತೆ ಹುಟ್ಟಲ್ಲ ಅತ್ತೆ. ಮಕ್ಕಳಿಗೆ ಇವತ್ತು ಅದೇ ಪಾಠ. ಕಬ್ಬಿಣ, ಸುಣ್ಣಕಲ್ಲು, ಉಪ್ಪು, ಎಲ್ಲಾ ತೆಗೆದಷ್ಟೂ ಕಮ್ಮಿ."

"ನಮ್ಮಜ್ಜಿ ಕಾಲದಿಂದ ಸೇದ್ತಿದೀವಿ. ನಿನ್ನ ಪಾಠ ಬಾವಿಗಿನ್ನೂ ಮುಟ್ಟಿಲ್ಲ ಕಣೇ!"

"ಮಳೆನೀರು ಒಳಗಿನ ಉಪ್ಪನ್ನ ಕರಗಿಸ್ಕೊಂಡು ಬರುತ್ತೆ. ನೀರು ತುಂಬ್ಕೊಳ್ಳುತ್ತೆ, ಉಪ್ಪು ತುಂಬ್ಕೊಳ್ಳಲ್ಲ."

(ಇಲ್ಲಿ ಅತ್ತೆಯ ಬಾಯಲ್ಲೊಂದು ದೊಡ್ಡ ಮಾತು ಆಡಿಸಲು ಹೊರಟೆ. "ನಂಗೆ ಕೋಸು ಹಾಕೋದಿದೆ, ನೀನು ಸುಮ್ನಿರಮ್ಮ" ಎಂದು ನನ್ನನ್ನೇ ಗದರಿದಳು.)

೩
ಪೀಪಾಯಿಯಲ್ಲಿ ಎಲೆಕೋಸು ಹುಳಿಯಿಡಲು ನೀರಿನ ಹದ ಹೇಳುವುದು ಮೊಟ್ಟೆ. ತೇಲಿದರೆ ಉಪ್ಪು ಸರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ತವರಿನಿಂದ ಒಂದು ಪೀಪಾಯಿ ಹೋಗುತ್ತದೆ. ಮರುಮದುವೆಯಾಗಿ ಹೋಗುವ ಸೊಸೆಗೆ ಅತ್ತೆಮನೆಯಿಂದ ಆ ಲೆಕ್ಕವಿಲ್ಲ.

ಪರಸ್ಕೀವಾ ಜೇಬಿನಿಂದ ಮೊಟ್ಟೆ ತೆಗೆದು ಬಕೆಟ್ಟಿಗೆ ಬಿಟ್ಟಳು. ಮುಳುಗಿತು.

"ನೋಡಿ, ತೀರ್ತಾ ಬಂತು," ಎಂದಳು ಸಾಫ್ತಾ.

"ಬಿಡ್ತು ಅನ್ನು! ನಿನ್ನೆ ಮಳೆ ಹೊಯ್ದಿಲ್ವಾ? ಸಪ್ಪೆ ನೀರು ಮೇಲೆ ನಿಂತಿದೆ. ಇದನ್ನ ಚೆಲ್ಲಿ ಹಗ್ಗ ಉದ್ದ ಬಿಡು, ತಳದಿಂದ ಸೇದು."

ಹಗ್ಗವನ್ನೇ ನೋಡುತ್ತ ಸೇದುವಾಗ ಸಾಫ್ತಾ ಹೇಳಿಯೇಬಿಟ್ಟಳು. "ಅತ್ತೆ, ಇಲಾರಿಯೆ ಕೇಳಿದಾನೆ. ನಾನು ಹೂಂ ಅಂದಿದೀನಿ."

೪
ಮುಕ್ತಾಯ, ಒಂದು: ಅತ್ತೆ ಅಪ್ಪಿಕೊಳ್ಳುತ್ತಾಳೆ. (ಅತಿ ಸಿಹಿ. ಇದು ಉಪ್ಪಿನ ಕತೆ.)

ಇನ್ನೊಂದು: ಅತ್ತೆ ಒಬ್ಬಳೇ ಮನೆಗೆ ನಡೆಯುತ್ತಾಳೆ. (ಬರೆದೆ. ಪರಸ್ಕೀವಾ ಕಾಲೆತ್ತಲಿಲ್ಲ.)

ಅವಳು ಉಗುರಿನಿಂದ ಬಾವಿಯ ಕಟ್ಟೆಯ ಪಾಚಿ ಕೆರೆದಳು. ಆಮೇಲೆ ಕೇಳಿದಳು:

"ಆ ಲಾರಿಯವನಿಗೆ ಹುಳಿಕೋಸು ಸೇರುತ್ತಾ?"

"ಸೇರುತ್ತೆ."

"ಹಾಗಾದ್ರೆ ಒಂದು ಪೀಪಾಯಿ ಸಾಲಲ್ಲ. ನಿಂಗೂ ಒಂದು ಕಳಿಸ್ಬೇಕಲ್ಲ."

ಸಾಫ್ತಾ ಮುಖ ತಗ್ಗಿಸಿ ಬಾವಿಯ ತಳದಿಂದ ಸೇದಿದ ನೀರಿಗೆ ಮೊಟ್ಟೆ ಬಿಟ್ಟಳು. ಅದು ತಳಕ್ಕೂ ಇಳಿಯಲಿಲ್ಲ, ಮೇಲಕ್ಕೂ ಏಳಲಿಲ್ಲ. ನೀರಿನ ನಡುವೆ ನಿಂತುಬಿಟ್ಟಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದ್ದಾರೆ. ನಾನೂ ಬಗ್ಗಿದ್ದೇನೆ. ನೀವು ಸ್ವಲ್ಪ ಉಸಿರು ಹಿಡಿಯಿರಿ, ನೀರು ಅಲುಗದಿರಲಿ.