ಮೇಡಂಗೆ ಬೆನ್ನು ಹಾಕಿ ಕೂತವರು

ನಮ್ಮ ಯಜಮಾನರು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದರು. ಕೊರಳಲ್ಲಿ ಸದಾ ಒಂದು ಸೀಟಿ. ನಿವೃತ್ತರಾದ ಮೇಲೆ ಶಾಲೆಯ ಮಕ್ಕಳು ಬಚಾವಾದವು, ನಾವು ಸಿಕ್ಕಿಬಿದ್ದೆವು. ನಾವೆಂದರೆ ನಾನು, ನಮ್ಮಮ್ಮ, ಮತ್ತು ಸವಾರಿ ಕಲಿಸುವವರು ವಯಸ್ಸಾಯಿತೆಂದು ಇವರಿಗೆ ದಾಟಿಸಿದ ಒಂದು ಹೆಣ್ಣು ಕುದುರೆ. ಅದರ ಗತ್ತು ನೋಡಿ ನಾನೇ ಮೇಡಂ ಎಂದು ಕರೆದೆ.

ಆ ದಿನ ಬೆಳಿಗ್ಗೆ ಅಮ್ಮ ಟೀಗೆ ಮೂರನೇ ಚಮಚ ಸಕ್ಕರೆ ಹಾಕಿದ್ದೇ ತಡ, ಬೆನ್ನ ಹಿಂದಿನಿಂದ ಇವರು ಸೀಟಿ ಊದಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಆದರೆ ಅತ್ತೆಗೆ ಸೀಟಿ ಊದುವ ಅಳಿಯನನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ. ಅಮ್ಮ ಲೋಟ ಕುಕ್ಕಿ, ಸಂಜೆ ಬಂದು ಕರೆದುಕೊಂಡು ಹೋಗು ಎಂದು ನನ್ನ ತಮ್ಮನಿಗೆ ಫೋನ್ ಮಾಡಿದಳು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ, ಹಿತ್ತಲಿನ ಬೇಲಿಯೊಳಗೆ ಮನೆಗೂ ಮೇಡಂಗೂ ಬೆನ್ನು ಹಾಕಿ ಕೂತಳು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಒಮ್ಮೆ ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವವಳಲ್ಲ. ಈ ಮನೆಯಲ್ಲಿ ನನ್ನ ಜೊತೆ ನಗುತ್ತಿದ್ದವಳು ಅವಳೊಬ್ಬಳೇ.

ಇವರಿಗೆ ಅದರ ಪರಿವೆಯೇ ಇಲ್ಲ. ಮೇಡಂನ ಗೊರಸಿಗೆ ಮೊಳೆ ಹೊಕ್ಕಿತ್ತು. ಲಾಳ ಕಟ್ಟುವವನು ಬಂದು ತನ್ನ ಸಾಮಾನಿನ ಡಬ್ಬದ ಮೇಲೆ ಕೂತಿದ್ದ.

"ಹಿಡ್ಕೊಟ್ರೆ ಕೀಳ್ತೀನಿ ಸಾರ್. ಅಟ್ಟಿಸ್ಕೊಂಡು ಹೋಗೋ ವಯಸ್ಸಲ್ಲ ನಂದು" ಎಂದ.

"ಯಜಮಾನ ಯಾರು ಅಂತ ಮೊದಲು ಅದಕ್ಕೆ ಗೊತ್ತಾಗ್ಬೇಕು" ಎಂದು ಇವರು ಹಗ್ಗ ಹಿಡಿದು ನೆಟ್ಟಗೆ ನಡೆದರು, ಕಣ್ಣು ಅದರ ಕಣ್ಣಲ್ಲೇ ನೆಟ್ಟು. ಮೇಡಂ ಕಿವಿ ಹಿಂದಕ್ಕೆ ಮಡಚಿ, ಹಿಂಭಾಗ ತೋರಿಸಿ, ಕುಂಟುತ್ತಲೇ ಆಚೆ ಮೂಲೆ ಸೇರಿತು. ಇವರು ಆ ಮೂಲೆಗೆ ಹೋದರೆ ಅದು ಈ ಮೂಲೆಗೆ. ಸೀಟಿ ಊದಿದರು. ಆಮೇಲೆ ಕೇಳಬೇಕೆ? ಮೂರು ಕಾಲಿನ ಮೇಡಂ ಎರಡು ಕಾಲಿನ ಮೇಷ್ಟ್ರಿಗೆ ಚೆನ್ನಾಗಿ ನೀರು ಕುಡಿಸಿತು.

"ರೀ, ಹಾಗೆ ದುರುಗುಟ್ಕೊಂಡು ಬಂದ್ರೆ ನಾನೇ ಓಡ್ತೀನಿ. ಪಾಪ, ಅದೇನ್ಮಾಡುತ್ತೆ?" ಎಂದೆ.

ಏದುಸಿರು ಬಿಡುತ್ತಾ ಈಚೆ ಬಂದು ಕೂತರು. ಹಿತ್ತಲು ತಣ್ಣಗಾಯಿತು. ಆಗ ಮೇಡಂ ತಲೆಯೆತ್ತಿ ಅಮ್ಮನನ್ನು ನೋಡಿತು. ಅಮ್ಮ ಅದನ್ನು ನೋಡಲಿಲ್ಲ, ಅವಳಿಗೆ ಸಿಟ್ಟು ಮಾಡುವುದರಲ್ಲೇ ಪುರುಸೊತ್ತಿರಲಿಲ್ಲ. ಅದು ಒಂದು ಹೆಜ್ಜೆ ಬಂತು, ನಿಂತಿತು, ಹುಲ್ಲು ಮೇಯುವ ನಾಟಕ ಮಾಡಿತು, ಮತ್ತೊಂದು ಹೆಜ್ಜೆ ಬಂತು. ಕಿವಿಗಳು ಸಡಿಲವಾದವು. ಕೊನೆಗೆ ಅಮ್ಮನ ತುರುಬಿಗೆ ಬಿಸಿಯುಸಿರು ಬಿಟ್ಟಿತು.

ಅಮ್ಮ ತಿರುಗಲಿಲ್ಲ. "ಏನೇ, ನಿಂಗೂ ಸೀಟಿ ಊದಿದ್ರಾ?" ಎಂದಳು.

ಮೇಡಂ ಅವಳ ಹೆಗಲ ಮೇಲೆ ಗದ್ದವಿಟ್ಟು ಬಾಯಿ ಚಪ್ಪರಿಸಿತು. "ಭಯ ಇಳೀತು" ಎಂದ ಲಾಳದವನು ಮೆಲ್ಲಗೆ.

"ಅತ್ತೆ, ಹಿಡ್ಕೊಳ್ಳಿ, ಬಿಡ್ಬೇಡಿ!" ಎಂದು ಇವರು ಕಿರುಚಿದರು. ಮೇಡಂ ಬೆಚ್ಚಿ ತಲೆಯೆತ್ತಿತು.

ಅಮ್ಮ ನನ್ನನ್ನು ಕರೆದಳು. "ಮೊದಲು ಆ ಸೀಟಿ ಬಿಚ್ಚಿ ನಿನ್ನ ಕೈಗೆ ಕೊಡೋಕೆ ಹೇಳು."

ಮೂವತ್ತು ವರ್ಷದ ಸಂಸಾರದಲ್ಲಿ ಸ್ನಾನಕ್ಕಲ್ಲದೆ ಆ ಸೀಟಿ ಕೊರಳಿಂದ ಇಳಿದದ್ದು ಅದೇ ಮೊದಲು. ಅಮ್ಮ ಕೂತಲ್ಲೇ ಮೇಡಂನ ಕತ್ತು ಸವರಿ, ನಾನು ತಂದುಕೊಟ್ಟ ಹಗ್ಗ ಹಾಕಿದಳು. ಮೊಳೆ ಕೀಳುವಾಗ ಕುದುರೆ ನಡುಗಿತು, ಆದರೆ ಅವಳ ಪಕ್ಕದಿಂದ ಕದಲಲಿಲ್ಲ.

ಸಂಜೆ ತಮ್ಮನ ಕಾರು ಬಂದು ಗೇಟಿನಲ್ಲಿ ನಿಂತಿತು. ಅಮ್ಮ ಇನ್ನೂ ಕುರ್ಚಿಯಲ್ಲೇ ಇದ್ದಳು. ಇವರು ಭಾಷಣಕ್ಕೆಂದು ಹೊರಟವರು, ಇನ್ನೊಂದು ಕುರ್ಚಿ ತಂದು, ಅಮ್ಮನಿಂದ ಸ್ವಲ್ಪ ದೂರದಲ್ಲಿ, ಅವಳಿಗೆ ಬೆನ್ನು ಹಾಕಿ ಕೂತರು. ನನಗೆ ನಗು ಬಂತು, ಅಳುವೂ ಬಂತು.

ಎಷ್ಟೋ ಹೊತ್ತಾದ ಮೇಲೆ ಅಮ್ಮ ಎದ್ದಳು. "ಅಳಿಯಂದ್ರೇ, ಟೀ ಕುಡೀತೀರಾ?"

ಅಡುಗೆಮನೆಯಲ್ಲಿ ತನ್ನ ಲೋಟಕ್ಕೆ ಬೇಕೆಂದೇ ಮೂರು ಚಮಚ ಸಕ್ಕರೆ ಸುರಿದುಕೊಂಡಳು. ಇವರ ಕೈ ಕೊರಳಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕಣ್ಣು ಕಿಟಕಿಯತ್ತ ತಿರುಗಿಸಿಕೊಂಡು ಹಾಗೇ ನಿಂತರು.

ಅಮ್ಮ ಅವರನ್ನೇ ನೋಡಿದಳು. ಆ ಲೋಟವನ್ನು, ಒಳಗೆ ಬಂದು ಕೂತಿದ್ದ ನನ್ನ ತಮ್ಮನ ಮುಂದಕ್ಕೆ ತಳ್ಳಿ, "ನೀನು ಕುಡ್ಕೊಂಡು ಹೊರಡು" ಎಂದಳು. ತನಗೆ ಸಕ್ಕರೆಯಿಲ್ಲದ ಟೀ ಬಗ್ಗಿಸಿಕೊಂಡಳು.